ದೊಡ್ಡವರಾದ ಮೇಲೆ ಮೊದಲ ಆರ್ಕೇಡ್ ಶೂಟರ್: ಯಾವುದರಿಂದ ಶುರು ಮಾಡುವುದು?

‘ಚಿಕ್ಕಂದಿನಲ್ಲಿ ಆಡಲಾಗಲಿಲ್ಲ, ಈಗ ಒಂದು ಕೈ ನೋಡೋಣ ಅಂತಿದ್ದೀನಿ, ಯಾವುದು ತಗೊಳ್ಳಲಿ?’ ಆರ್ಕೇಡ್ ಶೂಟರ್, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳಿಗೆಂದು ಮಾಡಿದ ಗುಂಡು ಹಾರಿಸುವ ಆಟಗಳ ಬಗ್ಗೆ ಹೀಗೆ ಕೇಳುವವರಲ್ಲಿ ಹೆಚ್ಚಿನವರು ಮೂವತ್ತೈದು ದಾಟಿದವರು. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುತ್ತಿದ್ದ ಅಗ್ಗದ ವಿಡಿಯೋ ಗೇಮು, ಅದರ ಹಳದಿ ಕ್ಯಾಸೆಟ್ಟು, ಅದರೊಳಗಿನ ಕಾಂಟ್ರಾ, ಗ್ಯಾಲಕ್ಸಿಯನ್ ಇವನ್ನೆಲ್ಲ ಪಕ್ಕದ ಮನೆಯಲ್ಲಿ ಕೂತು ನೋಡಿದವರು. ತಮ್ಮ ಸರದಿ ಬರುವಷ್ಟರಲ್ಲಿ ಕರೆಂಟು ಹೋದವರು. ಕೆಲವರಿಗೆ ಆ ನೆನಪೂ ಇಲ್ಲ. ಮಾಲ್‌ನ ಗೇಮ್ ಝೋನ್‌ನಲ್ಲಿ ಮಕ್ಕಳನ್ನು ಆಡಿಸುತ್ತ ನಿಂತಾಗ ಮೂಲೆಯಲ್ಲಿದ್ದ ಹಳೆಯ ಯಂತ್ರ ಕಣ್ಣಿಗೆ ಬಿದ್ದಿರುತ್ತದೆ, ಅಷ್ಟೇ.

ಇವರು ಮೊದಲು ಮಾಡುವ ಕೆಲಸ ‘ಸಾರ್ವಕಾಲಿಕ ಶ್ರೇಷ್ಠ ಶೂಟರ್‌ಗಳು’ ಎಂಬ ಪಟ್ಟಿ ಹುಡುಕುವುದು. ಆ ಪಟ್ಟಿಗಳು ಸುಳ್ಳೇನಲ್ಲ, ಆದರೆ ಬರೆದವರು ವರ್ಷಗಟ್ಟಲೆ ಇವುಗಳಲ್ಲೇ ಪಳಗಿದವರು. ಅವರ ಒಂದನೇ ನಂಬರಿನ ಆಟ ಹೊಸಬರನ್ನು ಹತ್ತು ನಿಮಿಷದಲ್ಲಿ ಓಡಿಸಿಬಿಡಬಹುದು. ಮೂಲತಃ ಇವೆಲ್ಲ ನಾಣ್ಯ ನುಂಗುವ ಯಂತ್ರಗಳು. ಆಡುವವನನ್ನು ಮೂರ್ನಾಲ್ಕು ನಿಮಿಷದಲ್ಲಿ ಕೆಳಗಿಳಿಸಿ ಮುಂದಿನವನ ನಾಣ್ಯಕ್ಕೆ ಬಾಯಿ ತೆರೆಯುವುದೇ ಅವುಗಳ ವ್ಯಾಪಾರ. ಇವತ್ತು ನಮಗೆ ನಾಣ್ಯದ ಚಿಂತೆ ಇಲ್ಲ, ಹೊತ್ತಿನ ಚಿಂತೆ ಇದೆ. ರಾತ್ರಿ ಊಟ ಆಗಿ, ಮಕ್ಕಳು ಮಲಗಿ, ನಾಳೆಯ ಟಿಫಿನ್‌ಗೆ ನೆನೆ ಹಾಕಿದ ಮೇಲೆ ಸಿಗುವ ಅರ್ಧ ಗಂಟೆಗೆ ತಕ್ಕ ಆಟ ಬೇಕು.

ಹಾಗಾಗಿ ಆಟಗಳ ಹೆಸರಿಗೆ ಹೋಗುವ ಮುಂಚೆ ಯಾವುದರಿಂದ ಅಳೆಯುತ್ತೇವೆ ಅನ್ನುವುದನ್ನು ಗೊತ್ತು ಮಾಡಿಕೊಳ್ಳೋಣ.

ಅಳೆಯುವುದು ಹೇಗೆ

ನನ್ನ ಲೆಕ್ಕದಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಲೈಫ್ ಹೋದಾಗ ಆಟ ನಿಮ್ಮಿಂದ ಏನೇನು ಕಿತ್ತುಕೊಳ್ಳುತ್ತದೆ? ಹೊಸಬರು ಮೊದಲ ವಾರದಲ್ಲಿ ಆಡುವುದಕ್ಕಿಂತ ಹೆಚ್ಚು ಸಾಯುತ್ತಾರೆ. ಕೆಲವು ಆಟಗಳಲ್ಲಿ ಸತ್ತ ಜಾಗದಲ್ಲೇ ಹೊಸ ನೌಕೆ ಬರುತ್ತದೆ, ಆಟ ಮುಂದುವರಿಯುತ್ತದೆ. ಕೆಲವು ನಿಮ್ಮನ್ನು ಒಂದು ನಿಮಿಷ ಹಿಂದಕ್ಕೆ ಎಳೆದೊಯ್ದು ಅದೇ ಜಾಗವನ್ನು ಮತ್ತೆ ದಾಟಿಸುತ್ತವೆ. ಇನ್ನು ಕೆಲವು ಹಿಂದಕ್ಕೆ ಎಳೆಯುವುದಲ್ಲದೆ ಅಲ್ಲಿಯವರೆಗೆ ಕೂಡಿಟ್ಟ ಆಯುಧಗಳನ್ನೂ ಕಸಿದುಕೊಂಡು ಬರಿಗೈಯಲ್ಲಿ ನಿಲ್ಲಿಸುತ್ತವೆ. ಪರದೆ ತುಂಬ ಗುಂಡು ಸುರಿಯುವ ಆಟ ಮೊದಲ ಗುಂಪಿಗೆ ಸೇರಿರಬಹುದು, ನೋಡಲು ಶಾಂತವಾಗಿರುವ ಆಟ ಮೂರನೆಯದಕ್ಕೆ. ಚಿತ್ರ ನೋಡಿ ಕಷ್ಟ ಸುಲಭ ಹೇಳಲಾಗದೆ ಇರುವುದು ಇದಕ್ಕೇ.

ಎರಡನೆಯದು ಕೈಗಳಿಗೆ ಎಷ್ಟು ಕೆಲಸ ಅನ್ನುವುದು. ಒಂದು ಕಡ್ಡಿ (ಜಾಯ್‌ಸ್ಟಿಕ್), ಒಂದು ಬಟನ್ ಇದ್ದರೆ ಅರ್ಧ ಗಂಟೆಯಲ್ಲಿ ಕೈ ಹೊಂದಿಕೊಳ್ಳುತ್ತದೆ. ಮೂರನೆಯದು ಒಂದು ಸುತ್ತಿಗೆ ಬೇಕಾಗುವ ಹೊತ್ತು. ನಾಲ್ಕನೆಯದು, ಈ ಆಟ ಇವತ್ತು ಕಾನೂನುಬದ್ಧವಾಗಿ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ.

ಕೈವೇಗವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ‘ಈ ವಯಸ್ಸಿಗೆ ಆ ಸ್ಪೀಡು ಎಲ್ಲಿ ಬರುತ್ತೆ’ ಎಂದು ಹಿಂಜರಿಯುವವರು ಬಹಳ. ಕೆಳಗಿನ ಆಟಗಳಲ್ಲಿ ಹೆಚ್ಚಿನವು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತವೆ: ಅದೇ ಶತ್ರು, ಅದೇ ಜಾಗ, ಅದೇ ಗಳಿಗೆ. ಅಲ್ಲಿ ಗೆಲ್ಲಿಸುವುದು ನೆನಪು. ನೆನಪಿಟ್ಟುಕೊಳ್ಳುವ ತಾಳ್ಮೆಯಲ್ಲಿ ಹದಿನಾಲ್ಕರ ಹುಡುಗನಿಗಿಂತ ನಲವತ್ತರವರು ಹಿಂದೆ ಬೀಳುವುದಿಲ್ಲ.

ಸ್ಪೇಸ್ ಇನ್‌ವೇಡರ್ಸ್: ನೋಡಿ ಬನ್ನಿ, ನೆಲೆಸಬೇಡಿ

1978ರಲ್ಲಿ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಮಾಡಿದ ಈ ಆಟವೇ ಎಲ್ಲದರ ಮೂಲ, ಆದ್ದರಿಂದ ಇಲ್ಲಿಂದಲೇ ಶುರು ಮಾಡಬೇಕು ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಐದು ಸಾಲು, ಸಾಲಿಗೆ ಹನ್ನೊಂದರಂತೆ 55 ಶತ್ರುಗಳು ಅಡ್ಡಡ್ಡ ಸರಿಯುತ್ತ ಇಳಿಯುತ್ತವೆ. ಕೊಂದಷ್ಟೂ ಉಳಿದವು ವೇಗ ಹೆಚ್ಚಿಸಿಕೊಳ್ಳುತ್ತವೆ. ಇದು ಯೋಚಿಸಿ ಇಟ್ಟದ್ದಲ್ಲ. ಅಷ್ಟೊಂದು ಆಕೃತಿಗಳನ್ನು ಎಳೆಯಲು ಆ ಕಾಲದ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು, ಸಂಖ್ಯೆ ಇಳಿದಂತೆ ಅದಕ್ಕೆ ಉಸಿರು ಬರುತ್ತಿತ್ತು. ಪರಿಣಾಮ ಚೆನ್ನಾಗಿದೆ ಎಂದು ನಿಶಿಕಾಡೊ ಹಾಗೆಯೇ ಉಳಿಸಿಕೊಂಡರು.

ಒಂದು ಸಂಜೆ ಆಡಿ, ಖಂಡಿತ. ಆದರೆ ನಿಮ್ಮ ಗುಂಡು ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ಇರಬಹುದು. ಅದು ತಾಗುವವರೆಗೆ ಅಥವಾ ಮೇಲೆ ಹೋಗಿ ಮಾಯವಾಗುವವರೆಗೆ ಬಟನ್ ಒತ್ತಿ ಪ್ರಯೋಜನವಿಲ್ಲ. ಇವತ್ತಿನ ಕಣ್ಣಿಗೆ ಆ ಕಾಯುವಿಕೆ ಬೇಸರ ತರುತ್ತದೆ. ಇದೇ ಗುಣವನ್ನು ಇನ್ನೂ ರುಚಿಯಾಗಿ ಬಡಿಸುವ ಆಟ ಮೂರು ವರ್ಷದ ನಂತರ ಬಂತು.

ಗ್ಯಾಲಗಾ

ನ್ಯಾಮ್ಕೋ, 1981. ನಮ್ಮ ಕ್ಯಾಸೆಟ್ಟುಗಳಲ್ಲಿದ್ದ ಗ್ಯಾಲಕ್ಸಿಯನ್‌ನ ಮುಂದಿನ ಆಟ. ನೌಕೆ ಎಡಕ್ಕೆ ಬಲಕ್ಕೆ ಮಾತ್ರ ಸರಿಯುತ್ತದೆ, ಬಟನ್ ಒಂದೇ. ಅಮ್ಮನ ಕೈಗೆ ಕೊಟ್ಟರೂ ಎರಡನೇ ಸುತ್ತಿಗೆ ಆಡುತ್ತಾರೆ.

ಸರಳ ಅಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಎಂದುಕೊಳ್ಳಬೇಡಿ. ಶತ್ರುಗಳು ಇಲ್ಲಿ ಸಾಲಾಗಿ ನಿಂತು ಕಾಯುವುದಿಲ್ಲ. ಸುತ್ತು ಹೊಡೆಯುತ್ತ ಒಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಬರುವ ದಾರಿ ನಿಗದಿಯಾದದ್ದು. ನಾಲ್ಕೈದು ಸಲ ನೋಡಿದರೆ ಯಾವ ಗುಂಪು ಎಲ್ಲಿಂದ ತಿರುಗುತ್ತದೆ ಎಂದು ಬಾಯಿಪಾಠ ಬರುತ್ತದೆ, ಕೂರುವ ಮುಂಚೆಯೇ ಅರ್ಧ ಖಾಲಿ ಮಾಡಬಹುದು. ಗುಂಡು ಒಂದು ಸಲಕ್ಕೆ ಎರಡೇ. ಎರಡೂ ಗುರಿ ತಪ್ಪಿದರೆ ಅವು ಪರದೆ ದಾಟುವವರೆಗೆ ನೀವು ನಿರಾಯುಧ. ಹತ್ತಿರದ ಶತ್ರುವಿಗೆ ಹೊಡೆದರೆ ಗುಂಡು ಬೇಗ ಮುಗಿದು ಮುಂದಿನದು ಬೇಗ ಸಿಗುತ್ತದೆ. ಹೀಗಾಗಿ ಬಟನ್ ಚಚ್ಚುವವರಿಗಿಂತ ನೋಡಿ ಹೊಡೆಯುವವರಿಗೆ ಇದು ಒಲಿಯುತ್ತದೆ. ಆಟ ಮುಗಿದ ಮೇಲೆ ಎಷ್ಟು ಗುಂಡು ಹಾರಿಸಿದಿರಿ, ಎಷ್ಟು ತಾಗಿದವು, ಶೇಕಡಾ ಎಷ್ಟು ಎಂಬ ಲೆಕ್ಕ ಪರದೆಯ ಮೇಲೆ ಬರುತ್ತದೆ. ಮಾರ್ಕ್ಸ್ ಕಾರ್ಡ್ ನೋಡಿ ಬೆಳೆದ ನಮಗೆ ಸ್ಕೋರಿಗಿಂತ ಆ ಶೇಕಡಾವಾರು ಜಾಸ್ತಿ ಚುಚ್ಚುತ್ತದೆ!

ಗ್ಯಾಲಗಾದ ನಿಜವಾದ ಮಜಾ ಇರುವುದು ಮೇಲಿನ ಸಾಲಿನಲ್ಲಿ ಕೂರುವ, ಶತ್ರುಗಳ ನಾಯಕನಂತಿರುವ ಹಸಿರು ಬಾಸ್‌ನಲ್ಲಿ. ಇದು ಆಗಾಗ ಕೆಳಗಿಳಿದು ಬೀಸಣಿಗೆಯಂತೆ ಅಗಲವಾಗುವ ನೀಲಿ ಕಿರಣ ಬಿಡುತ್ತದೆ. ಅದರೊಳಗೆ ಸಿಕ್ಕಿದರೆ ನಿಮ್ಮ ನೌಕೆ ಗಿರಗಿರ ತಿರುಗಿ ಮೇಲಕ್ಕೆ ಹೋಗಿ ಕೆಂಪಾಗಿ ಅದರ ಸೆರೆಯಾಳಾಗುತ್ತದೆ. ಲೈಫ್ ಒಂದು ಹೋಯ್ತು ಎಂದು ಕೈಬಿಡಬೇಡಿ. ಆ ಬಾಸ್ ಮತ್ತೆ ಕೆಳಗೆ ಎರಗಿದಾಗ ಅದನ್ನು ಹೊಡೆದರೆ ಸೆರೆಯಲ್ಲಿದ್ದ ನೌಕೆ ಬಿಡುಗಡೆಯಾಗಿ ನಿಮ್ಮ ಪಕ್ಕಕ್ಕೆ ಬಂದು ಅಂಟಿಕೊಳ್ಳುತ್ತದೆ. ಆಮೇಲೆ ಎರಡು ನೌಕೆ, ಎರಡು ಪಟ್ಟು ಗುಂಡು. ಬಾಸ್‌ಗೆ ಎರಡು ಏಟು ಬೇಕು, ಮೊದಲ ಏಟಿಗೆ ಬಣ್ಣ ಬದಲಾಗುತ್ತದೆ. ಎಡವುವುದು ಎರಡು ಕಡೆ: ಆತುರದಲ್ಲಿ ಕೆಂಪು ನೌಕೆಗೇ ಹೊಡೆದರೆ ನಿಮ್ಮದನ್ನು ನೀವೇ ಕೊಂದಂತೆ, ಬಾಸ್ ತನ್ನ ಸಾಲಿನಲ್ಲಿ ಕೂತಿರುವಾಗ ಹೊಡೆದರೆ ಸೆರೆಯಾಳು ಬಿಡುಗಡೆಯಾಗುವುದಿಲ್ಲ. ಕೊನೆಯ ಲೈಫ್‌ನಲ್ಲಿ ಈ ಸಾಹಸ ಬೇಡ, ಸಿಕ್ಕಿದರೆ ಆಟವೇ ಮುಗಿಯುತ್ತದೆ. ಜೋಡಿ ನೌಕೆಯ ಬೆಲೆಯೂ ಇದೆ: ಅಗಲ ಎರಡರಷ್ಟು, ಏಟು ತಿನ್ನುವ ಜಾಗವೂ ಎರಡರಷ್ಟು.

ಮೂರನೇ ಸ್ಟೇಜು, ಆಮೇಲೆ ಪ್ರತಿ ನಾಲ್ಕಕ್ಕೊಂದು, ಶತ್ರುಗಳು ಗುಂಡು ಹಾರಿಸದೆ ಸುಮ್ಮನೆ ಹಾದುಹೋಗುತ್ತವೆ. ಒಟ್ಟು 40, ಎಲ್ಲವನ್ನೂ ಹೊಡೆದರೆ 10,000 ಅಂಕ. ಉಸಿರು ತಿರುಗಿಸಿಕೊಳ್ಳಲು ಸಿಗುವ ಬಿಡುವು ಅದು.

ಲೈಫ್ ಹೋದಾಗ ಇಲ್ಲಿ ಹೋಗುವುದು ಒಂದು ಲೈಫ್ ಮಾತ್ರ. ಹೊಡೆದುರುಳಿಸಿದ ಶತ್ರುಗಳು ಮರಳಿ ಬರುವುದಿಲ್ಲ, ಆಟ ನಿಂತಲ್ಲಿಂದಲೇ ಸಾಗುತ್ತದೆ. ಹೊಸಬರ ಒಂದು ಸುತ್ತು ಮೂರರಿಂದ ಐದು ನಿಮಿಷ. ಕುಕ್ಕರ್ ಕೂಗುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ. ಕೊರತೆ ಎಂದರೆ ಕೊನೆ ಇಲ್ಲ. ಕತೆ, ಹೊಸ ಜಾಗ, ದೊಡ್ಡ ಬಾಸು ಯಾವುದೂ ಇಲ್ಲ, ಇಪ್ಪತ್ತನೇ ಸ್ಟೇಜೂ ಅದೇ ಕಪ್ಪು ಆಕಾಶ. ‘ಮುಗಿಸಿದೆ’ ಎಂಬ ತೃಪ್ತಿ ಬೇಕಾದವರಿಗೆ ತಿಂಗಳೊಳಗೆ ಸಪ್ಪೆ ಆಗಬಹುದು. ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರ ಇದ್ದರೆ 2017ರ ನ್ಯಾಮ್ಕೋ ಮ್ಯೂಸಿಯಂ ಸಂಗ್ರಹದಲ್ಲಿ ಇದೂ ಇದೆ.

1943: ಖರ್ಚಿಲ್ಲದೆ, ಇಬ್ಬರು ಕೂಡಿ

ಕ್ಯಾಪ್ಕಾಮ್‌ನ 1984ರ ‘1942’ ಹಲವರಿಗೆ ಕ್ಯಾಸೆಟ್ಟಿನಿಂದ ಗೊತ್ತು. ಅದರ ಮುಂದಿನ ಭಾಗ, 1987ರ ‘1943: ದಿ ಬ್ಯಾಟಲ್ ಆಫ್ ಮಿಡ್‌ವೇ’ ಹೊಸಬರಿಗೆ ಹೆಚ್ಚು ಒಗ್ಗುತ್ತದೆ. (ಮಿಡ್‌ವೇ ಕದನ ನಡೆದದ್ದು 1942ರ ಜೂನ್‌ನಲ್ಲಿ. ಜಪಾನಿನ ಕಂಪನಿಯೊಂದು ಅಮೆರಿಕದ ವಿಮಾನದಲ್ಲಿ ಕೂರಿಸಿ ಜಪಾನಿನ ಯುದ್ಧನೌಕೆಗಳ ಮೇಲೆ ದಾಳಿ ಮಾಡಿಸುವ ಆಟದಲ್ಲಿ ಇಸವಿಯೊಂದನ್ನೇ ಹಿಡಿದು ಜಗ್ಗಬಾರದು ಬಿಡಿ.)

ಇದರಲ್ಲಿ ಲೈಫ್‌ಗಳ ಲೆಕ್ಕವೇ ಇಲ್ಲ. ಒಂದು ಶಕ್ತಿಪಟ್ಟಿ ಇರುತ್ತದೆ. ಏಟು ಬಿದ್ದರೆ ಇಳಿಯುತ್ತದೆ, ಸುಮ್ಮನೆ ಹಾರುತ್ತಿದ್ದರೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ, ಶತ್ರುಗಳು ಬಿಟ್ಟುಹೋಗುವ ಗುಳಿಗೆ ಹಿಡಿದರೆ ಏರುತ್ತದೆ. ಒಂದೇ ಗುಂಡಿಗೆ ಎಲ್ಲ ಮುಗಿಯಿತು ಎಂಬ ಆಘಾತ ಇಲ್ಲ. ಅದರ ಬದಲು ಪೆಟ್ರೋಲ್ ಮುಳ್ಳು ಕೆಂಪಿಗೆ ಇಳಿಯುವುದನ್ನು ನೋಡುತ್ತ ಓಡಿಸುವ ಚಡಪಡಿಕೆ ಇದೆ. ಕಷ್ಟಕ್ಕೆ ಬಿದ್ದಾಗ ಎರಡನೇ ಬಟನ್ ಒತ್ತಿ ಮಿಂಚೋ ಸುಳಿಗಾಳಿಯೋ ಕರೆದು ಪರದೆ ಗುಡಿಸಬಹುದು, ಆದರೆ ಅದಕ್ಕೂ ಅದೇ ಪಟ್ಟಿಯಿಂದ ತೆರಬೇಕು. ಆ ಚೌಕಾಸಿ ನನಗೆ ಇಷ್ಟ.

ಇಬ್ಬರು ಒಟ್ಟಿಗೆ ಆಡಬಹುದು. ಮಗಳೋ ಹೆಂಡತಿಯೋ ಗಂಡನೋ ಪಕ್ಕದಲ್ಲಿ ಕೂತರೆ ಈ ಪಟ್ಟಿಯಲ್ಲಿ ಇದರಷ್ಟು ಕೂಗಾಟ ಹುಟ್ಟಿಸುವ ಆಟ ಬೇರೆ ಇಲ್ಲ. ಇನ್ನೊಂದು ದೊಡ್ಡ ಅನುಕೂಲ: 2021ರಲ್ಲಿ ಬಂದ ಕ್ಯಾಪ್ಕಾಮ್ ಆರ್ಕೇಡ್ ಸ್ಟೇಡಿಯಂ ಎಂಬ ಸಂಗ್ರಹವನ್ನು ಇಳಿಸಿಕೊಳ್ಳಲು ದುಡ್ಡಿಲ್ಲ, ಅದರ ಜೊತೆ 1943 ಉಚಿತವಾಗಿ ಬಂತು. ಉಳಿದವನ್ನು ಬೇಕಾದರೆ ಕೊಳ್ಳಿ. ಅದರಲ್ಲಿ ಆಟವನ್ನು ಹಿಂದಕ್ಕೆ ಸುತ್ತುವ, ವೇಗ ಇಳಿಸುವ, ಎಲ್ಲೆಂದರಲ್ಲಿ ಸೇವ್ ಮಾಡುವ ಸೌಕರ್ಯ ಇದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮೈನಸ್ಸು? ಸ್ಟೇಜುಗಳು ಒಂದರಂತೆ ಇನ್ನೊಂದು. ಮೇಲೆ ಮೋಡದಲ್ಲಿ ಸ್ವಲ್ಪ ಹೊತ್ತು, ಕೆಳಗೆ ಸಮುದ್ರದ ಮೇಲೆ ಸ್ವಲ್ಪ ಹೊತ್ತು, ಕಡೆಗೆ ಹಡಗು. ಹತ್ತನೆಯದರ ಹೊತ್ತಿಗೆ ಗಡಿಯಾರ ನೋಡುತ್ತೀರಿ.

ಗ್ರೇಡಿಯಸ್: ಚಂದದ ಆಟ, ಕ್ರೂರ ಶಿಕ್ಷೆ

ಕೊನಾಮಿ, 1985. ಅಡ್ಡಡ್ಡ ಸಾಗುವ ಆಟ. ಕೆಂಪು ಗುಳಿಗೆ ಹಿಡಿದಷ್ಟೂ ಪರದೆಯ ಕೆಳಗಿನ ಪಟ್ಟಿಯಲ್ಲಿ ಬೆಳಕು ಒಂದೊಂದು ಮನೆ ಮುಂದೆ ಹೋಗುತ್ತದೆ: ವೇಗ, ಕ್ಷಿಪಣಿ, ಇಬ್ಬಗೆ ಗುಂಡು, ಲೇಸರ್, ಆಪ್ಶನ್, ಕೊನೆಗೆ ಕವಚ. ಬೇಕಾದ ಮನೆಗೆ ಬಂದಾಗ ಬಟನ್ ಒತ್ತಿ ಕೊಂಡುಕೊಳ್ಳಬೇಕು. ಈಗಲೇ ಚಿಕ್ಕದನ್ನು ತಗೊಳ್ಳಲೇ, ಕಾದು ದೊಡ್ಡದನ್ನು ತಗೊಳ್ಳಲೇ? ಸಂಬಳದ ದಿನದ ಲೆಕ್ಕಾಚಾರ ಗೊತ್ತಿರುವ ದೊಡ್ಡವರಿಗೆ ಇದು ಬಹಳ ಹಿಡಿಸುತ್ತದೆ. ನಿಮ್ಮ ಚಲನೆಯ ಹಾದಿಯಲ್ಲೇ ಹಿಂಬಾಲಿಸುತ್ತ ತಾವೂ ಗುಂಡು ಹಾರಿಸುವ ಆಪ್ಶನ್ ಉಂಡೆಗಳು ನಾಲ್ಕಾದಾಗ ಪರದೆಯೇ ನಿಮ್ಮದು ಅನ್ನಿಸುತ್ತದೆ.

ಆಗ ಒಂದು ಗುಂಡು ತಾಗುತ್ತದೆ. ಎಲ್ಲ ಹೋಗುತ್ತದೆ. ಹಿಂದಿನ ಒಂದು ಜಾಗಕ್ಕೆ ಎಸೆಯಲ್ಪಟ್ಟು ನಿಧಾನದ ನೌಕೆ, ಒಂಟಿ ಗುಂಡು ಇಟ್ಟುಕೊಂಡು, ಪೂರ್ತಿ ಆಯುಧವಿದ್ದಾಗಲೇ ಕಷ್ಟವಾಗಿದ್ದ ಅದೇ ಜಾಗವನ್ನು ಎದುರಿಸಬೇಕು. ಲೈಫ್ ಇನ್ನೂ ಎರಡಿದ್ದರೂ ಆಟ ಆಗಲೇ ಸೋತಾಗಿದೆ ಅನ್ನಿಸುವುದು ಈ ಆಟದ ಖ್ಯಾತ ದೋಷ.

ಇದೇನು ಹೊಸಬರ ದೂರಲ್ಲ. 1986ರಲ್ಲಿ ಇದನ್ನು ಮನೆಯ ಗೇಮಿಗೆ ಇಳಿಸುತ್ತಿದ್ದ ಕೊನಾಮಿಯ ಕಜುಹಿಸಾ ಹಾಶಿಮೊಟೊ ಅವರಿಗೇ ಪರೀಕ್ಷೆಗೆಂದು ಆಡಿ ಮುಗಿಸುವುದು ಕಷ್ಟವಾಗಿ, ಎಲ್ಲ ಆಯುಧ ಒಮ್ಮೆಗೇ ಸಿಗುವ ಗುಟ್ಟಿನ ಬಟನ್ ಸಾಲೊಂದನ್ನು ಸೇರಿಸಿದರು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಕಾಂಟ್ರಾದಲ್ಲಿ ಮೂವತ್ತು ಲೈಫ್ ಪಡೆಯಲು ನಮ್ಮ ಓಣಿಗಳಲ್ಲಿ ಮಂತ್ರದಂತೆ ಬಾಯಿಂದ ಬಾಯಿಗೆ ಹೋದ ಸಾಲು ಇದೇ.

ಆದ್ದರಿಂದ ನನ್ನ ಮಾತು: ಗ್ರೇಡಿಯಸ್ ಕೊಳ್ಳಿ, ಆದರೆ ಎಲ್ಲೆಂದರಲ್ಲಿ ಸೇವ್ ಮಾಡಲು ಬಿಡುವ ಆವೃತ್ತಿಯಲ್ಲಿ ಮಾತ್ರ. 2019ರ ಕೊನಾಮಿ ಆರ್ಕೇಡ್ ಕ್ಲಾಸಿಕ್ಸ್ ಸಂಗ್ರಹದಲ್ಲಿ ಇದು ‘ನೆಮೆಸಿಸ್’ ಎಂಬ ಹೆಸರಿನಲ್ಲಿದೆ, ಜೊತೆಗೆ ಇನ್ನೂ ಏಳು ಆಟ. ಈ ಸರಣಿಯೇ ಬೇಕು ಅನ್ನುವವರಿಗೆ 2025ರ ಗ್ರೇಡಿಯಸ್ ಒರಿಜಿನ್ಸ್ ಇದೆ. ಬೆಲೆ ಜಾಸ್ತಿ, ಕೆಲಸ ಅಚ್ಚುಕಟ್ಟು. ಸೇವ್ ಇಲ್ಲದೆ ಮೂಲ ರೂಪದಲ್ಲೇ ಆಡುತ್ತೇನೆ ಎಂಬ ಹಟ ಮೊದಲ ತಿಂಗಳಿಗೆ ಬೇಡ.

ಆರ್-ಟೈಪ್

1987, ಐರೆಮ್ ಕಂಪನಿ. ಇದೂ ಅಡ್ಡಡ್ಡ ಸಾಗುವುದೇ, ಒಂದೇ ಏಟಿಗೆ ಸಾವೇ, ಹಿಂದಿನ ಜಾಗಕ್ಕೆ ವಾಪಸ್ಸೇ. ಹಾಗಿದ್ದೂ ಇದನ್ನು ಗ್ರೇಡಿಯಸ್‌ಗಿಂತ ಮೇಲೆ ಇಡುತ್ತೇನೆ.

ಕಾರಣ ಫೋರ್ಸ್ ಎಂಬ ಕಿತ್ತಳೆ ಉಂಡೆ. ಅದನ್ನು ಮೂತಿಗೆ ಅಂಟಿಸಿಕೊಳ್ಳಬಹುದು, ಬೆನ್ನಿಗೆ ಅಂಟಿಸಿಕೊಳ್ಳಬಹುದು, ದೂರ ಎಸೆದು ಅಲ್ಲಿಂದಲೇ ಗುಂಡು ಹಾರಿಸಬಹುದು. ಅದಕ್ಕೆ ಸಾವಿಲ್ಲ, ಸಣ್ಣ ಗುಂಡುಗಳನ್ನು ಅದೇ ನುಂಗಿಕೊಳ್ಳುತ್ತದೆ. ಮೊದಲ ಸ್ಟೇಜಿನ ಕೊನೆಯಲ್ಲಿ ಪರದೆಯ ಅರ್ಧ ತುಂಬುವ ಡಾಬ್‌ಕೆರಾಟಾಪ್ಸ್ ಎಂಬ ಬಾಸ್ ಬರುತ್ತದೆ. ಹೊಸಬರು ಅದರ ಭಯಂಕರ ತಲೆಗೆ ಹೊಡೆಯುತ್ತ ಕೂರುತ್ತಾರೆ. ಅದರ ಹೊಟ್ಟೆಯಿಂದ ಆಗಾಗ ಇಣುಕುವ ಸಣ್ಣ ಜೀವಿಯೇ ಅದರ ಮರ್ಮ. ಫೋರ್ಸನ್ನು ಹೊಟ್ಟೆಯತ್ತ ಎಸೆದು ಅಲ್ಲೇ ಬಿಟ್ಟು, ತಾನು ದೂರ ನಿಂತು ಬಟನ್ ಒತ್ತಿ ಹಿಡಿದು ದೊಡ್ಡ ಕಿರಣ ತುಂಬಿಸಿಕೊಂಡು ಬಿಟ್ಟರೆ ಕೆಲಸ ಸಲೀಸು. ಇಡೀ ಆಟ ಇದೇ ಸ್ವಭಾವದ್ದು: ಎದುರಿಗೆ ಒಂದು ತೊಡಕು, ಕೈಯಲ್ಲಿ ಒಂದು ಉಪಕರಣ, ಯೋಚಿಸಿ. ಮೂರನೇ ಸ್ಟೇಜಿನಲ್ಲಂತೂ ಪರದೆಗಿಂತ ದೊಡ್ಡದಾದ ಒಂದೇ ಒಂದು ಯುದ್ಧನೌಕೆ ಇರುತ್ತದೆ. ಅದರ ಸುತ್ತ ತಿರುಗುತ್ತ ಒಂದೊಂದೇ ಭಾಗ ಕಳಚುವುದೇ ಆ ಸ್ಟೇಜು.

ಸುಧಾರಣೆ ಆಗುವುದೂ ಕಣ್ಣಿಗೆ ಕಾಣುತ್ತದೆ. ಮನೆಯಿಂದ ಆಫೀಸಿಗೆ ಹೋಗುವ ದಾರಿಯ ಹೊಂಡಗಳು ಹೇಗೆ ತಿಂಗಳೊಳಗೆ ಹ್ಯಾಂಡಲ್‌ಗೇ ಗೊತ್ತಾಗಿಬಿಡುತ್ತವೋ ಹಾಗೆ, ನಿನ್ನೆ ಕೊಂದ ಮೂಲೆ ಇವತ್ತು ತಾನಾಗಿ ದಾಟಿರುತ್ತದೆ. ಒಟ್ಟು ಎಂಟು ಸ್ಟೇಜು. ಎಲ್ಲ ಗೊತ್ತಿರುವವರು ಸುಮಾರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ಆದರೆ ಆ ಮಟ್ಟಕ್ಕೆ ಬರಲು ತಿಂಗಳುಗಳೇ ಬೇಕು.

ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ, ಸ್ವಿಚ್‌ನಲ್ಲಿ ಸಿಗುವ ಆರ್-ಟೈಪ್ ಡೈಮೆನ್ಷನ್ಸ್ ಇಎಕ್ಸ್ (2018) ಹೊಸಬರಿಗೆ ಹೇಳಿ ಮಾಡಿಸಿದ್ದು. ಎರಡು ಭಾಗಗಳೂ ಇವೆ, ಒಂದು ಬಟನ್‌ಗೆ ಹಳೆಯ ಚಿತ್ರ ಹೊಸ ಚಿತ್ರವಾಗಿ ಬದಲಾಗುತ್ತದೆ. ಮುಖ್ಯವಾಗಿ ಲೈಫ್‌ಗೆ ಮಿತಿಯೇ ಇಲ್ಲದ, ಸತ್ತಲ್ಲೇ ಎದ್ದುಬರುವ ಒಂದು ಬಗೆ ಇದೆ. ನಾನು ಮೊದಲು ಹೇಳಿದ ಅಳತೆಯಲ್ಲಿ ಆಟ ಒಂದೇ ಏಟಿಗೆ ಮೂರನೇ ಗುಂಪಿನಿಂದ ಮೊದಲನೆಯದಕ್ಕೆ ಜಿಗಿಯುತ್ತದೆ. ಮೊದಲು ಹಾಗೆ ಒಂದು ಸಲ ಪೂರ್ತಿ ನೋಡಿ ಮುಗಿಸಿ, ಆಮೇಲೆ ಮೂಲ ನಿಯಮದಲ್ಲಿ ಆಡಿ. ಮೋಸ ಅನ್ನುವವರು ಅನ್ನಲಿ.

ಗುಂಡಿನ ಮಳೆ: ಕೇವ್ ಮತ್ತು ಇಕರುಗಾ

ಕೇವ್ ಕಂಪನಿಯ 1997ರ ಡೊಡೊನ್‌ಪಾಚಿಯಂಥ ಆಟಗಳ ಒಂದು ಚಿತ್ರ ನೋಡಿದರೆ ಸಾಕು, ದೊಡ್ಡವರು ಕೈ ಮುಗಿದುಬಿಡುತ್ತಾರೆ. ಪರದೆ ತುಂಬ ಗುಲಾಬಿ, ನೀಲಿ ಗುಂಡುಗಳ ರಂಗೋಲಿ. ಇದನ್ನು ಮನುಷ್ಯರು ಆಡುತ್ತಾರಾ?

ಆಡುತ್ತಾರೆ, ಯಾಕೆಂದರೆ ಕಾಣುವುದು ಒಂದು, ಇರುವುದು ಇನ್ನೊಂದು. ನಿಮ್ಮ ವಿಮಾನ ದೊಡ್ಡದಾಗಿ ಕಂಡರೂ ಗುಂಡು ತಾಗಿದಂತೆ ಲೆಕ್ಕವಾಗುವುದು ಅದರ ನಡುವಿನ ಒಂದು ಚುಕ್ಕೆಯಷ್ಟು ಜಾಗಕ್ಕೆ ಮಾತ್ರ. ರೆಕ್ಕೆಯ ಮೂಲಕ ಗುಂಡು ಹಾದುಹೋದರೂ ಏನೂ ಆಗದು. ಗುಂಡುಗಳ ಸಂಖ್ಯೆ ಹೆಚ್ಚು, ಹೆಚ್ಚಿನವುಗಳ ವೇಗ ಕಡಿಮೆ. ಬಟನ್ ಒತ್ತಿ ಹಿಡಿದರೆ ಲೇಸರ್ ಬರುತ್ತದೆ, ಜೊತೆಗೆ ವಿಮಾನ ನಿಧಾನವಾಗಿ ಸಂದಿಗಳಲ್ಲಿ ನುಸುಳಲು ಅನುಕೂಲವಾಗುತ್ತದೆ. ಸಿಕ್ಕಿಬಿದ್ದೆ ಅನ್ನಿಸಿದರೆ ಬಾಂಬ್ ಹಾಕಿದರಾಯಿತು. ಸತ್ತರೆ ಅಲ್ಲೇ ಹುಟ್ಟಿ ಬರುತ್ತೀರಿ, ಬಾಂಬ್‌ಗಳೂ ಮತ್ತೆ ತುಂಬಿರುತ್ತವೆ. ಗ್ರೇಡಿಯಸ್‌ನ ಶಿಕ್ಷೆಯ ಮುಂದೆ ಇದು ತೌರುಮನೆ.

ಕಲಿಯಬೇಕಾದದ್ದು ಕಣ್ಣು ಎಲ್ಲಿಡಬೇಕು ಎಂಬುದನ್ನು. ಶತ್ರುವನ್ನು ನೋಡುತ್ತ ಕೂತರೆ ಸಾಯುತ್ತೀರಿ. ನೋಟ ನಿಮ್ಮ ವಿಮಾನದ ಸ್ವಲ್ಪ ಮುಂದಿರಬೇಕು, ಉಳಿದದ್ದನ್ನು ಕಣ್ಣಂಚು ನೋಡಿಕೊಳ್ಳುತ್ತದೆ. ಒಂದು ವಾರಕ್ಕೆ ಇದು ಕೈಗೂಡಿದರೆ ಆಮೇಲೆ ಬಿಡಲು ಮನಸ್ಸಾಗದು. ಕೊಳ್ಳುವುದಾದರೆ ಕೇವ್‌ನದೇ ಮುಶಿಹಿಮೆಸಾಮಾ (2004) ಒಳ್ಳೆಯದು. 2015ರಿಂದ ಸ್ಟೀಮ್‌ನಲ್ಲಿದೆ, ಹೊಸಬರಿಗೆಂದೇ ಮೆತ್ತಗೆ ಮಾಡಿದ ನಾವಿಸ್ ಬಗೆ ಅದರಲ್ಲಿದೆ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಅಥವಾ ಮೈಗ್ರೇನ್ ಕೆರಳುವ ತೊಂದರೆ ಇದ್ದವರು ಈ ಬಗೆಯ ಆಟಗಳಿಂದ ದೂರ ಇರಿ.

ಟ್ರೆಷರ್ ಕಂಪನಿಯ ಇಕರುಗಾ (2001) ನೋಡಲು ಇದರ ಅಣ್ಣತಮ್ಮನಂತಿದ್ದರೂ ಜಾತಿ ಬೇರೆ. ನಿಮ್ಮ ನೌಕೆ ಬಿಳಿ ಅಥವಾ ಕಪ್ಪು, ಬಟನ್ ಒತ್ತಿ ಬದಲಾಯಿಸಬಹುದು. ನಿಮ್ಮದೇ ಬಣ್ಣದ ಗುಂಡು ತಾಗಿದರೆ ಹೀರಿಕೊಳ್ಳುತ್ತೀರಿ, ಎದುರು ಬಣ್ಣದ್ದಾದರೆ ಸಾಯುತ್ತೀರಿ. ಎದುರು ಬಣ್ಣದ ಶತ್ರುವಿಗೆ ನಿಮ್ಮ ಏಟು ಎರಡರಷ್ಟು. ಐದೇ ಅಧ್ಯಾಯ. ಸುಂದರವಾದ ಆಟ, ಮೊದಲ ಆಟವಾಗಿ ನಾನು ಶಿಫಾರಸು ಮಾಡುವುದಿಲ್ಲ. ಎರಡನೇ ಅಧ್ಯಾಯದಿಂದ ಪ್ರತಿ ಸೆಕೆಂಡಿಗೂ ‘ಈಗ ನಾನು ಯಾವ ಬಣ್ಣ?’ ಎಂಬ ಪ್ರಶ್ನೆ ತಲೆಯಲ್ಲಿ ಓಡುತ್ತಿರಬೇಕು, ದಿನವಿಡೀ ಕೆಲಸ ಮಾಡಿ ಬಂದ ತಲೆ ಅದಕ್ಕೆ ಒಪ್ಪುವುದಿಲ್ಲ. ಭಾನುವಾರ ಬೆಳಗ್ಗೆ ಆಡುವವರ ಮಾತು ಬೇರೆ.

ಡಿಫೆಂಡರ್ ಹೆಸರೂ ಎಲ್ಲ ಪಟ್ಟಿಗಳಲ್ಲಿ ಇರುತ್ತದೆ. ಮೇಲೆ ಕೆಳಗೆ ಮಾತ್ರ ಹೋಗುವ ಕಡ್ಡಿ, ಜೊತೆಗೆ ಐದು ಬಟನ್. ತಿರುಗಲು ಒಂದು, ಮುನ್ನುಗ್ಗಲು ಇನ್ನೊಂದು. ಇತಿಹಾಸ ಓದಿ ಗೌರವಿಸಿ, ಮುಂದೆ ಹೋಗಿ.

ಖರ್ಚು, ಸಲಕರಣೆ

ಹೊಸ ಯಂತ್ರ ಕೊಳ್ಳುವ ಅಗತ್ಯ ಇಲ್ಲ. ಮನೆಯಲ್ಲಿ ಇರುವ ಲ್ಯಾಪ್‌ಟಾಪ್, ಅದಕ್ಕೊಂದು ಯುಎಸ್‌ಬಿ ಕಂಟ್ರೋಲರ್ ಸಾಕು. ಕೀಬೋರ್ಡಿನಲ್ಲಿ ಆಡಬಹುದು, ಆದರೆ ಅಗ್ಗದ ಕೀಬೋರ್ಡುಗಳು ಮೂರು ಕೀ ಒಟ್ಟಿಗೆ ಒತ್ತಿದರೆ ಒಂದನ್ನು ನುಂಗುತ್ತವೆ. ಓರೆಯಾಗಿ ಸರಿಯುತ್ತ ಗುಂಡು ಹಾರಿಸುವಾಗಲೇ ಕೈಕೊಡುತ್ತವೆ. ಕಂಟ್ರೋಲರ್ ಆರಿಸುವಾಗ ಎಡಗಡೆಯ ಪ್ಲಸ್ ಆಕಾರದ ಬಟನ್ ಗಟ್ಟಿಯಾಗಿದೆಯೇ ನೋಡಿ, ಈ ಆಟಗಳಿಗೆ ಬೇಕಾಗುವುದು ಅದೇ. ಹೆಬ್ಬೆರಳು ನೋಯುವವರು ಗುಂಡು ತಾನಾಗಿ ಹಾರುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ. ಗ್ಯಾಲಗಾದಲ್ಲಿ ಮಾತ್ರ ಅದರಿಂದ ಲಾಭವಿಲ್ಲ, ಎರಡು ಗುಂಡಿನ ಮಿತಿ ಇದೆಯಲ್ಲ.

ಟಿವಿಗೆ ಸಿಕ್ಕಿಸಿದರೆ ಮೊದಲು ಮೆನುವಿನಲ್ಲಿ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ಚಂದ ಮಾಡುವ ಭರದಲ್ಲಿ ತಡಮಾಡುತ್ತದೆ. ಬಟನ್ ಒತ್ತಿದ ಮೇಲೆ ವಿಮಾನ ಸರಿಯುತ್ತದೆ, ನೀವು ನಿಮ್ಮ ವಯಸ್ಸನ್ನು ಬೈದುಕೊಳ್ಳುತ್ತೀರಿ. ಗ್ಯಾಲಗಾ, 1943, ಇಕರುಗಾ, ಕೇವ್ ಆಟಗಳೆಲ್ಲ ಉದ್ದುದ್ದ ಪರದೆಗೆ ಮಾಡಿದವು. ಅಗಲದ ಲ್ಯಾಪ್‌ಟಾಪಿನಲ್ಲಿ ಚಿತ್ರ ಅಗಲದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ, ಎರಡೂ ಪಕ್ಕ ಖಾಲಿ. ಚಾಳೀಸು ಬಂದವರು ಇದನ್ನು ಗಮನದಲ್ಲಿಡಿ. ಸಣ್ಣ ಪರದೆ ಇದ್ದರೆ ಆರ್-ಟೈಪ್, ಗ್ರೇಡಿಯಸ್ ಕಣ್ಣಿಗೆ ಹಿತ. ಮೊಬೈಲ್‌ನಲ್ಲಿ ಬೆರಳೇ ಪರದೆ ಮುಚ್ಚುತ್ತದೆ, ಕೊನೆಯ ಆಯ್ಕೆಯಾಗಿ ಇಟ್ಟು‌ಕೊಳ್ಳಿ.

ಹತ್ತು ಸಾವಿರ ಆಟ ತುಂಬಿದ್ದೇವೆ ಎಂದು ಆನ್‌ಲೈನಿನಲ್ಲಿ ಮಾರುವ ಟಿವಿ ಗೇಮ್ ಸ್ಟಿಕ್‌ಗಳ ವಿಷಯ ಕೇಳುವವರು ಬಹಳ ಜನ. ಅಗ್ಗ ಹೌದು. ಅದರೊಳಗಿನ ಆಟಗಳು ಸಾಮಾನ್ಯವಾಗಿ ಅನುಮತಿ ಇಲ್ಲದೆ ತುಂಬಿದವು, ಒಂದೇ ಆಟ ನಾಲ್ಕು ಹೆಸರಿನಲ್ಲಿ, ಕಂಟ್ರೋಲರ್ ಆಟಿಕೆಯ ದರ್ಜೆಯದ್ದು. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ, 1997ರಿಂದ ಬೆಳೆದುಬಂದ ಮೇಮ್ ಎಂಬ ತಂತ್ರಾಂಶ ಉಚಿತ, ಕಾನೂನಿನ ತೊಡಕೂ ಇಲ್ಲ. ಆದರೆ ಅದರಲ್ಲಿ ಓಡಿಸುವ ಆಟದ ಫೈಲುಗಳಿಗೆ ಹಕ್ಕುದಾರರಿದ್ದಾರೆ. ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಬೆಲೆ ಇರುತ್ತದೆ, ಬೇಸಿಗೆ ಮತ್ತು ವರ್ಷಾಂತ್ಯದ ರಿಯಾಯಿತಿಯಲ್ಲಿ ಈ ಹಳೆಯ ಆಟಗಳ ಬೆಲೆ ಚೆನ್ನಾಗಿ ಇಳಿಯುತ್ತದೆ. ಬೇಕಾದ್ದನ್ನು ವಿಶ್‌ಲಿಸ್ಟಿಗೆ ಹಾಕಿ ಕಾಯಿರಿ.

ಹಾಗಾದರೆ ಯಾರಿಗೆ ಯಾವುದು

ಹತ್ತೇ ನಿಮಿಷ ಬಿಡುವು, ಮನೆಮಂದಿಯೆಲ್ಲ ಆಡಬೇಕು ಅಂದರೆ ಗ್ಯಾಲಗಾ. ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ರುಚಿ ನೋಡಬೇಕು, ಅಥವಾ ಜೊತೆಗಾರರಿದ್ದಾರೆ ಅಂದರೆ 1943. ಒಂದನ್ನೇ ಹಿಡಿದು ತಿಂಗಳುಗಟ್ಟಲೆ ಬಿಡಿಸುತ್ತ ಹೋಗುವ ಸ್ವಭಾವ, ಚದುರಂಗವೋ ಪದಬಂಧವೋ ಹಚ್ಚಿಕೊಂಡ ತಲೆ ಆದರೆ ಆರ್-ಟೈಪ್ ಡೈಮೆನ್ಷನ್ಸ್. ಈ ಪಟ್ಟಿಯಲ್ಲಿ ನನ್ನ ಸ್ವಂತ ಆಯ್ಕೆಯೂ ಅದೇ. ದಿನದ ಗೋಜಲೆಲ್ಲ ಮರೆತು ಇಪ್ಪತ್ತು ನಿಮಿಷ ಪರದೆಯೊಳಗೆ ಕರಗಬೇಕು ಅಂದರೆ ಮುಶಿಹಿಮೆಸಾಮಾದ ನಾವಿಸ್. ಗ್ರೇಡಿಯಸ್, ಇಕರುಗಾ ಎರಡನೇ ಕೊಳ್ಳುವಿಕೆಗೆ ಇರಲಿ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಇವತ್ತು ರಾತ್ರಿ ಉಚಿತವಾಗಿ ಸಿಗುವ 1943 ಇಳಿಸಿಕೊಂಡು ಎರಡು ಮೂರು ಸುತ್ತು ಆಡಿ, ನಿಮಗೆ ಯಾವುದು ರೇಗಿಸಿತು ಎಂದು ಗಮನಿಸಿ. ಶಕ್ತಿಪಟ್ಟಿ ಇಳಿಯುವ ಒತ್ತಡ ಬೇಡ, ಇಷ್ಟು ಉದ್ದವೂ ಬೇಡ ಅನ್ನಿಸಿದರೆ ಗ್ಯಾಲಗಾಕ್ಕೆ ಹೋಗಿ. ‘ಎಷ್ಟು ಏಟು ತಿಂದರೂ ನಡೆಯುತ್ತಲ್ಲ, ಇದೆಂಥ ಆಟ’ ಅನ್ನಿಸಿದರೆ ನಿಮ್ಮ ದಾರಿ ಆರ್-ಟೈಪ್‌ನದ್ದು. ಪರದೆ ಖಾಲಿ ಖಾಲಿ ಅನ್ನಿಸಿ ಕೈ ಇನ್ನಷ್ಟು ಕೆಲಸ ಕೇಳಿದರೆ ಮುಶಿಹಿಮೆಸಾಮಾವನ್ನು ವಿಶ್‌ಲಿಸ್ಟಿಗೆ ಹಾಕಿ. ಏನೂ ರೇಗಿಸದೆ ಹನ್ನೊಂದಾದದ್ದೇ ಗೊತ್ತಾಗದಿದ್ದರೆ ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಆ ಆಟದ ಕೊನೆಯಲ್ಲಿ ಯಮಾಟೊ ಯುದ್ಧನೌಕೆ ಕಾಯುತ್ತಿದೆ, ಮೊದಲು ಅದನ್ನು ಮುಳುಗಿಸಿ.